ಕಾಶಮ್ಮನ ಹೊಲಕ್ಕೆ ಬಸ್ಸಿನಲ್ಲಿ ಬಂದ ಎರೆಹುಳಗಳು

ಆ ಹುಳಗಳನ್ನು ಬಿಟ್ಟವನು ನಾನೇ. ಅವು ಕಾಶಮ್ಮನ ಹೊಲದ ಮಣ್ಣಿನಿಂದ ತಾವಾಗಿ ಎದ್ದು ಬಂದವಲ್ಲ. ಚಂದ್ರಂಪಳ್ಳಿ ಕಾಲುವೆಯ ಕೆಳಗಿರುವ ನನ್ನ ಸೋದರತ್ತೆಯ ಹೊಲದಿಂದ, ಮೂರು ಬಸ್ಸು ಬದಲಿಸಿ, ನನ್ನ ತೊಡೆಯ ಮೇಲೆ, ಸ್ಟೀಲಿನ ಟಿಫಿನ್ ಡಬ್ಬಿಯೊಳಗೆ ಕೂತು ಬಂದಿದ್ದವು. ಆಮೇಲೆ ಫೋನಿನಲ್ಲಿ ಕಾಶಮ್ಮನಿಗೆ ‘ತೊಗರಿ ಬಿತ್ತಿಬಿಡಿ’ ಎಂದದ್ದೂ ಸುಮಿತ್ರಾ ಮೇಡಂ ಅಲ್ಲ. ಅದೂ ನಾನೇ.

ಇಷ್ಟು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಅವತ್ತು ಹೊಲದಲ್ಲಿದ್ದವರಿಗೆ ಇದು ಗೊತ್ತು. ಉಳಿದವರಿಗೆಲ್ಲ ನಾನು ಬೇರೆ ಬೇರೆ ಕಥೆ ಹೇಳಿಕೊಂಡು ತಿರುಗಿದ್ದೇನೆ — ಪ್ರತಿ ಕಥೆಯಲ್ಲೂ ನಾನು ಸ್ವಲ್ಪ ಚಂದ ಕಾಣುತ್ತೇನೆ. ಇದರಲ್ಲಿ ಕಾಣುವುದಿಲ್ಲ. ಆದರೂ ಬರೆಯುವಾಗ ಎದೆ ಹೊಡೆದುಕೊಳ್ಳುತ್ತಿದೆ ನೋಡಿ, ಹೆದರಿಕೆಗೆ ಮಾತ್ರವಲ್ಲ. ಆ ದಿನ ನಾನು ಮಣ್ಣಿನಲ್ಲಿ ಕಂಡದ್ದನ್ನು ಮೊದಲ ಸಲ ನೆಟ್ಟಗೆ ಹೇಳುತ್ತಿದ್ದೇನಲ್ಲ, ಅದಕ್ಕೂ.

ನನ್ನ ಹೆಸರು ಸಾಯಿಬಣ್ಣ. ವಾಡಿಯವನು. ಊರಲ್ಲಿ ‘ನಕಲಿ ಸಾಯಿಬಣ್ಣ’ ಎಂದರೆ ಮನೆ ತೋರಿಸುತ್ತಾರೆ. ಸೇಡಂ ಬಸ್ಸಿನ ಕಂಡಕ್ಟರನ ಮೂಗಿನ ದನಿ, ಚಿತ್ತಾಪುರದ ತಹಸೀಲ್ ಕಚೇರಿಯ ಗುಮಾಸ್ತರು ‘ನಾಳೆ ಬರ್ರಿ’ ಎನ್ನುವ ಮುಂಚಿನ ಆಕಳಿಕೆ, ಹಾಲು ಕರೆಯಗೊಡದ ಎಮ್ಮೆ — ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಘೋಷಣೆ ಹೇಳುವ ಹೆಂಗಸಿನ ದನಿ ತೆಗೆದು, ಒಂದಿಡೀ ಮದುವೆಯ ದಿಬ್ಬಣವನ್ನು ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಓಡಿಸಿದ್ದೆ. ಮದುಮಗನ ಪೇಟ ಮೆಟ್ಟಿಲ ಮೇಲೆ ಬಿದ್ದಿತ್ತು. ಅವತ್ತೇ ಯಾರಾದರೂ ನನ್ನ ಕಪಾಳಕ್ಕೆ ಎರಡು ಬಿಗಿದಿದ್ದರೆ — ಇರಲಿ, ಬಿಗಿಯಲಿಲ್ಲ. ಚಹಾ ಕುಡಿಸಿದರು. ನನ್ನ ಸ್ವಂತ ದನಿ ಹೇಗಿದೆ ಎಂದು ಕೇಳಬೇಡಿ. ತಗಡಿನ ಬಾಗಿಲನ್ನು ಫರಸಿಕಲ್ಲಿನ ಮೇಲೆ ಎಳೆದಂತಿದೆ. ಅದಕ್ಕೇ ಬೇರೆಯವರದ್ದು ಇಟ್ಟುಕೊಂಡಿದ್ದೆನೋ ಏನೋ.

ಕಾಶಮ್ಮ ನಮ್ಮ ಓಣಿಯವಳು, ನನ್ನ ಅವ್ವನ ಗೆಳತಿ. ನಾನು ಅವಳನ್ನು ಚಿಗವ್ವ ಎನ್ನುತ್ತೇನೆ. ಶಹಾಬಾದ್ ರಸ್ತೆಯಿಂದ ಒಳಕ್ಕೆ ಅವಳಿಗೆ ಮೂರೆಕರೆ ಹೊಲವಿದೆ. ಅದರ ಮೇಲ್ಗಡೆ ಒಂದು ಕಾಲದಲ್ಲಿ ಫರಸಿಗೆ ಪಾಲಿಶ್ ಹೊಡೆಯುವ ಶೆಡ್ಡುಗಳಿದ್ದವು. ಕಲ್ಲು ಉಜ್ಜಿದ ಬಿಳಿ ರಾಡಿ ಮಳೆಗಾಲದಲ್ಲೆಲ್ಲ ಹರಿದು ಬಂದು ಅವಳ ಹೊಲದಲ್ಲಿ ಕೂರುತ್ತಿತ್ತು. ಕೆಳಗಿನ ಮೂಲೆಯನ್ನು ಅವಳ ಗಂಡ, ಬದುಕಿದ್ದಾಗ, ಲಾರಿಯ ಹಳೆ ಬ್ಯಾಟರಿ ಒಡೆಯುವ ಗುಜರಿಯವನಿಗೆ ಬಾಡಿಗೆಗೆ ಕೊಟ್ಟಿದ್ದ. ಶೆಡ್ಡುಗಳು ಮುಚ್ಚಿದವು, ಗುಜರಿಯವನು ಹೋದ, ಗಂಡನೂ ಹೋದ. ಉಳಿದದ್ದು ಹೊಲ. ಬೇಸಿಗೆಯಲ್ಲಿ ಅದು ಸುಣ್ಣ ಬಳಿದ ಅಂಗಳ. ಮಳೆ ಬಿದ್ದರೆ ಸಾಬೂನು. ಜಾಲಿ ಬಿಟ್ಟು ಏನೂ ಹುಟ್ಟುತ್ತಿರಲಿಲ್ಲ.

ಅಲ್ಲಿಗೆ ಬಂದವರು ಸುಮಿತ್ರಾ ಮೇಡಂ. ಮೈಸೂರಿನ ಕಡೆಯವರು, ಮಣ್ಣಿನ ವಿಜ್ಞಾನಿ. ಕೆಟ್ಟ ನೆಲದಲ್ಲಿ ಉರುವಲಿನ ಬೆಳೆ ಬೆಳೆದರೆ ಆ ನೆಲದ ಜೀವಕ್ಕೆ ಏನಾಗುತ್ತದೆ ಎಂದು ನೋಡುವುದು ಅವರ ಕೆಲಸ. ಕಾಶಮ್ಮನ ಹೊಲದಲ್ಲಿ ಆನೆಹುಲ್ಲು ನೆಡಿಸಿದರು. ಆಳೆತ್ತರ ಬೆಳೆಯುವ ಆ ಹುಲ್ಲನ್ನು ಕೊಯ್ದು, ಒಣಗಿಸಿ, ಒತ್ತಿ ಇಟ್ಟಿಗೆಯಂತೆ ಮಾಡಿ ಒಲೆಗೆ, ಬಾಯ್ಲರಿಗೆ ಹಾಕುತ್ತಾರೆ. ದನಕ್ಕೆ ಒಂದು ಎಲೆಯೂ ಹಾಕುವಂತಿಲ್ಲ. ನೆಟ್ಟ ಮೇಲೆ ವರ್ಷಗಟ್ಟಲೆ ನೇಗಿಲು ತಾಗಿಸುವಂತಿಲ್ಲ. ನಡುವೆ ಒಂದು ತುಂಡು ನೆಲವನ್ನು ಹುಲ್ಲಿಲ್ಲದೆ ಬೋಳಾಗಿಯೇ ಬಿಟ್ಟಿದ್ದರು, ಹೋಲಿಸಿ ನೋಡಲು.

‘ಹುಲ್ಲು ಮೇಲಿಂದು ಕಣಪ್ಪ. ನಮ್ಮ ಪರೀಕ್ಷೆ ಇರೋದು ಅದರ ಬುಡದಲ್ಲಿ’ ಎಂದರು ಮೇಡಂ ಮೊದಲ ದಿನ. ಸಂಜೆಯೊಳಗೆ ಆ ‘ಕಣಪ್ಪ’ ವಾಡಿಯ ಚಹಾ ಅಂಗಡಿಯಲ್ಲಿ ನನ್ನ ಬಾಯಿಂದ ಹೊರಟಿತ್ತು. ಜನ ಬೆಂಚಿನಿಂದ ಉರುಳುವಷ್ಟು ನಕ್ಕರು.

ನಾನು ಮೇಡಂ ಹತ್ತಿರ ಸಹಾಯಕ. ಹುದ್ದೆ ಏನೆಂದರೆ — ಹುಳ ಎಣಿಸುವುದು. ನಗಬೇಡಿ; ಅವ್ವ ಈಗಾಗಲೇ ಸಾಕಷ್ಟು ನಕ್ಕಿದ್ದಾಳೆ. ಮಳೆ ಬಿದ್ದು ನೆಲ ಹಸಿಯಾದ ಮೇಲೆ ಕಬ್ಬಿಣದ ಚೌಕಟ್ಟನ್ನು ನೆಲದ ಮೇಲಿಟ್ಟು, ಸಾಸಿವೆ ಪುಡಿ ಕಲಸಿದ ನೀರನ್ನು ಅದರೊಳಗೆ ಸುರಿಯಬೇಕು. ಘಾಟಿಗೆ ಕೆಳಗಿನ ಎರೆಹುಳಗಳು ಮೈಯುರಿದು ಮೇಲೆ ಬರುತ್ತವೆ. ಬಂದವನ್ನು ಚಿಮಟದಿಂದ ಎತ್ತಿ ಬಿಳಿ ಟ್ರೇಯಲ್ಲಿಟ್ಟು, ತೊಳೆದು, ಎಣಿಸಿ, ಬರೆದು, ಮತ್ತೆ ಬಿಡಬೇಕು. ಕಾಶಮ್ಮ ಅದಕ್ಕೆ ‘ಹುಳಕ್ಕ ಒಗ್ಗರಣಿ’ ಎಂದು ಹೆಸರಿಟ್ಟಿದ್ದಳು.

ಎರಡು ಮಳೆಗಾಲ ಒಗ್ಗರಣೆ ಹಾಕಿದೆವು. ಒಂದೂ ಬರಲಿಲ್ಲ.

‘ಸೊನ್ನೆ. ಬರ್ಕೋ ಸಾಯಿಬಣ್ಣ. ಸೊನ್ನೆನೂ ಒಂದು ಫಲಿತಾಂಶ ಕಣಪ್ಪ.’

ಕಾಶಮ್ಮ ಸೆರಗು ತಲೆಗೆ ಹೊದ್ದು ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಮೂರನೆಯ ಮಳೆಗಾಲ ಬರುವ ಹೊತ್ತಿಗೆ ಅವಳ ಸೊಸೆ ಬಸುರಿ. ಎರಡು ಸಲ ಹೋಗಿ, ಮೂರನೆಯದು ನಿಂತಿತ್ತು. ಹಡೆದ ಸೊಸೆಗೆ ತನ್ನ ಹೊಲದ ತೊಗರಿಬೇಳೆಯ ಸಾರು ಉಣಿಸಬೇಕೆಂಬುದು ಅವಳ ಹಟ. ಅಂಗಡಿಯ ಬೇಳೆ ಮುಟ್ಟಿದರೆ ಮೈಲಿಗೆಯಾಗುತ್ತದೋ ಎಂಬಂತೆ ಮಾತಾಡುತ್ತಿದ್ದಳು. ತನ್ನ ಮಗನನ್ನು ಹಡೆದಾಗ ಅವಳು ತಿಂದದ್ದು ಇದೇ ಹೊಲದ್ದಂತೆ, ಆಗಿನ್ನೂ ಬಿಳಿ ರಾಡಿ ಬಂದಿರಲಿಲ್ಲವಂತೆ.

ಮೇಡಂ ಅವಳ ಪಕ್ಕ ಕೂತು ಎಷ್ಟು ಸಲ ಬಿಡಿಸಿ ಹೇಳಿದ್ದರೋ. ‘ಕಾಶಮ್ಮಾರೇ, ಹುಳ ಬಂದ್ರೆ ಮಣ್ಣು ಉಸಿರಾಡ್ತಿದೆ ಅಂತ ಅಷ್ಟೇ. ಬೇಳೆ ತಿನ್ನಬಹುದು ಅಂತ ಅಲ್ಲ. ಆ ಬ್ಯಾಟರಿಯ ಸೀಸ ಇದೆಯಲ್ಲ, ಅದು ಕಣ್ಣಿಗೆ ಕಾಣಲ್ಲ. ಬಸುರಿಯರಿಗೆ, ಹಾಲೂಡಿಸೋರಿಗೆ, ಎಳೆ ಮಕ್ಕಳಿಗೆ ಅದು ತುಂಬಾ ಕೆಟ್ಟದ್ದು. ಅದರ ಪರೀಕ್ಷೆ ಬೇರೆ.’

‘ಆಯ್ತ್ರಿ ಮೇಡಮ್ಮರ’ ಎನ್ನುತ್ತಿದ್ದಳು ಚಿಗವ್ವ. ಅವರು ಅತ್ತ ಹೋದೊಡನೆ ನನ್ನ ಕಡೆ ತಿರುಗಿ — ‘ಸಾಯಿಬ್ಯಾ, ಭೂಮಿತಾಯಿ ಹೊಟ್ಟ್ಯಾಗ ಹುಳ ಬಂದ್ರ ಆಕಿ ಬಾಣಂತಿಗೇನ್ ವಿಷ ಹಾಕ್ತಾಳೇನೋ?’

ನಾನು ಏನು ಹೇಳಬೇಕಿತ್ತು? ‘ಹೌದು ಚಿಗವ್ವ, ಹಾಕಬಹುದು’ ಎನ್ನಬೇಕಿತ್ತು. ನಾನು ಮೇಡಂ ದನಿ ತೆಗೆದು ‘ನೋಡೋಣ ಕಣಮ್ಮ, ನೋಡೋಣ’ ಎಂದೆ. ಅವಳು ನಕ್ಕಳು. ನಗುವಾಗ ಅವಳಿಗೆ ಕಣ್ಣಲ್ಲಿ ನೀರು ಬರುತ್ತದೆ; ಅದು ನಗುವಿನದೋ ಇನ್ನೊಂದರದೋ ತಿಳಿಯುವುದಿಲ್ಲ.

ಮೂರನೆಯ ಮಳೆಗಾಲದ ಎಣಿಕೆಗೆ ಎರಡು ದಿನ ಮುಂಚೆ ನಾನು ಚಂದ್ರಂಪಳ್ಳಿಗೆ ಹೋದೆ. ಯೋಚಿಸಿ ಹೋದೆ — ಇದನ್ನು ಮುಚ್ಚಿಡುವುದಿಲ್ಲ. ಗೊಬ್ಬರದ ಗುಂಡಿಯ ಕೆಂಪು ಹುಳ ನಮ್ಮ ಓಣಿಯಲ್ಲೇ ಸಿಗುತ್ತಿತ್ತು. ಆದರೆ ಅದು ಹೊಲದಲ್ಲಿ ಬದುಕುವುದಿಲ್ಲ, ಮೇಡಂ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಅವರೇ ಕಲಿಸಿದ್ದು. ಅವರು ಕಲಿಸಿದ್ದನ್ನೇ ಬಳಸಿ ಅವರಿಗೆ ಮೋಸ ಮಾಡಲು ಹೊರಟಿದ್ದೆ, ನೋಡಿ ನನ್ನ ಜಾಣತನ. ಹೊಲದ ಬೂದು ಎರೆಹುಳವೇ ಬೇಕಿತ್ತು.

ಅತ್ತೆ ಕೇಳಿದಳು, ‘ಮೀನ್ ಹಿಡಿಲಾಕೇನೋ?’

‘ಹೂಂ ಅತ್ತಿ.’

‘ಅಲ್ಲಾ, ನಿಮ್ಮ ವಾಡ್ಯಾಗ ನೀರೆಲ್ಲದನೋ ಮೀನ್ ಹಿಡಿಲಾಕ?’

ಎಮ್ಮೆಯ ದನಿ ತೆಗೆದೆ. ಅವಳು ಬೈದು ಒಳಗೆ ಹೋದಳು. ಕಾಲುವೆಯ ಅಂಚಿನ ಕೆಂಪು ಮಣ್ಣು ಅಗೆದಂತೆಲ್ಲ ಹುಳಗಳು — ದಪ್ಪ, ಬೂದು, ಬೆರಳಿಗೆ ತಣ್ಣಗೆ. ಒದ್ದೆ ಗೋಣಿಯ ತುಂಡು ಹಾಸಿ, ಡಬ್ಬಿ ತುಂಬಿಸಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದೆ.

ಚಿಂಚೋಳಿಯಿಂದ ಬಸ್ಸು ಸುಲೇಪೇಟ ದಾಟುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿಗೆ ನನ್ನ ಡಬ್ಬಿಯ ಮೇಲೆ ಕಣ್ಣು ಬಿತ್ತು.

‘ಏನದಪಾ ಅದ್ರಾಗ, ತೂತ್ ಹೊಡ್ದೀದಿ?’

‘ಗಿಣ್ಣ ಆಯಿ. ಬಿಸಿ ಅದ, ಹಬಿ ಹೋಗ್ಲಿ ಅಂತ.’

‘ಅಯ್ಯ, ಗಿಣ್ಣ ಅಂದ್ರ ನನ್ನ ಜೀಂವ! ಒಂದ್ ತುಣುಕ ಕೊಡಪಾ, ಪುಣ್ಯಾ ಬರ್ತದ.’

ಸೇಡಂ ಬರುವ ತನಕ ಆ ಅಜ್ಜಿ ಡಬ್ಬಿಯನ್ನೇ ನೋಡಿದಳು, ನಾನು ಕಿಟಕಿಯನ್ನೇ ನೋಡಿದೆ. ಇಳಿಯುವಾಗ ‘ಭಾಳ ಜಿಪುಣ ಇದ್ದಿ ಬಿಡು’ ಎಂದಳು. ನನ್ನ ಜೀವನದಲ್ಲಿ ನನ್ನ ಬಗ್ಗೆ ಬಂದ ಅತ್ಯಂತ ದಯೆಯ ಮಾತು ಅದು. ಅವಳಿಗೆ ಪೂರ್ತಿ ಗೊತ್ತಿದ್ದರೆ —

ಎಣಿಕೆಯ ಹಿಂದಿನ ದಿನ ಸಂಜೆ ಹುಲ್ಲಿನ ನಡುವಿನ ಒಂದು ಚೌಕದಲ್ಲಿ, ಬೆರಳಿನಿಂದ ತೂತು ಮಾಡಿ, ಒಂದೊಂದಾಗಿ ಬಿಟ್ಟೆ. ಖುಷಿ ಎಂದರೆ ಎಂಥ ಖುಷಿ! ಮರುದಿನದ ಅವರ ಮುಖಗಳು ಆಗಲೇ ಕಣ್ಣ ಮುಂದೆ. ದೇವರು ಮನುಷ್ಯನನ್ನು ಮಾಡಿದಾಗ ಇಷ್ಟೇ ಸಂಭ್ರಮ ಪಟ್ಟಿರಬೇಕು ಅಂದುಕೊಂಡೆ. ಅವನಿಗೂ ಆಮೇಲೆ ನನ್ನ ಹಾಗೇ ‘ಯಾಕಾದರೂ ಮಾಡಿದೆನೋ’ ಅನ್ನಿಸಿರಬೇಕು.

ಮರುದಿನ ಸಾಸಿವೆ ನೀರು ಸುರಿದು ಐದು ನಿಮಿಷವಾಗಿರಲಿಲ್ಲ. ಒಂದು ತಲೆ. ಇನ್ನೊಂದು. ಮೇಡಂ ಚಿಮಟ ಕೆಳಗೆ ಹಾಕಿ, ಕೆಸರಲ್ಲೇ ಮೊಣಕಾಲೂರಿ, ‘ಸಾಯಿಬಣ್ಣ, ನೋಡೋ, ನೋಡೋ!’ ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಹದಿನಾಲ್ಕು. ಕಾಶಮ್ಮ ಬದುವಿನಿಂದ ಓಡಿ ಬಂದಳು — ಮೊಣಕಾಲು ನೋವಿನ ಹೆಂಗಸು, ಓಡಿ ಬಂದಳು. ಟ್ರೇಯ ಮೇಲೆ ಬಗ್ಗಿ, ಒಂದು ಹುಳವನ್ನು ಕೈಮೇಲೆ ಹರಿಸಿಕೊಂಡು, ‘ಬಂದೇನವ್ವ’ ಎಂದಳು. ಹುಳಕ್ಕೆ! ಮಗಳನ್ನು ತವರಿಗೆ ಕರೆದುಕೊಂಡ ಹಾಗೆ.

ಒಂದೇ ಒಂದು ಕ್ಷಣ ನನಗೆ ಕಸಿವಿಸಿಯಾಯಿತು. ಬಿಳಿ ಟ್ರೇಯಲ್ಲಿ ಹುಳಗಳು ಹಾಕಿದ ಹಿಕ್ಕೆ ಕೆಂಪಗಿತ್ತು. ನಮ್ಮ ಹೊಲದ ಮಣ್ಣು ಬೂದು. ಅವು ಇನ್ನೂ ಚಂದ್ರಂಪಳ್ಳಿಯ ಮಣ್ಣನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದವು. ಮೇಡಂ ಹುಬ್ಬು ಗಂಟಿಕ್ಕಿ, ‘ವಿಚಿತ್ರ’ ಎಂದು, ಆ ಹಿಕ್ಕೆಯನ್ನು ಒಂದು ಕಾಗದದ ಪೊಟ್ಟಣಕ್ಕೆ ಹಾಕಿಕೊಂಡರು. ನಾನು ಆಕಾಶ ನೋಡಿದೆ.

‘ಹಂಗಾರ ಈ ಸಲ ತೊಗರಿ ಹಾಕಬೌದೇನ್ರಿ ಮೇಡಮ್ಮರ?’

‘ಇಲ್ಲ ಕಾಶಮ್ಮಾರೇ. ಒಂದು ಎಣಿಕೆ ಸಾಲದು. ಸೀಸದ ಪರೀಕ್ಷೆನೂ ಬರಲಿ. ಹುಲ್ಲು ಇರಲಿ, ನೋಡೋಣ.’

ಅವಳ ಮುಖ ಇಳಿಯಿತು. ಆ ಮುಖ ಇಳಿದದ್ದು ನನಗೆ ನನ್ನ ಸೋಲಿನಂತೆ ಕಂಡಿತು. ಇಷ್ಟೆಲ್ಲ ಮಾಡಿ, ಮೂರು ಬಸ್ಸು ಹತ್ತಿ, ಅಜ್ಜಿಯಿಂದ ಬೈಸಿಕೊಂಡು — ನಾಟಕದ ಕೊನೆಯ ಅಂಕಕ್ಕೆ ಪರದೆ ಇಳಿಸಿದ ಹಾಗಾಯಿತು.

ಮಧ್ಯಾಹ್ನ ಮೇಡಂ ಕೈಕಾಲು ತೊಳೆಯಲು ಬೋರ್‌ವೆಲ್ಲಿನ ಹತ್ತಿರ ಹೋದರು. ಅವರ ಫೋನು ಹೊಲದಂಚಿನ ನಮ್ಮ ಸಾಮಾನಿನ ಶೆಡ್ಡಿನೊಳಗೆ ಚಾರ್ಜಿಗೆ ಇತ್ತು. ಲಾಕ್ ಇರಲಿಲ್ಲ, ನಮ್ಮನ್ನು ನಂಬಿದ್ದರು. ಕಾಶಮ್ಮ ಆಗಲೇ ಮನೆಗೆ ಹೋಗಿದ್ದಳು. ನಾನು ಫೋನು ಹಚ್ಚಿದೆ.

‘ಕಾಶಮ್ಮಾರೇ, ನಾನು. ಹುಳ ಬಂದಿದೆಯಲ್ಲ, ಇನ್ನೇನು ಯೋಚನೆ? ಈ ಸಲ ತೊಗರಿ ಬಿತ್ತಿಬಿಡಿ.’

ಲೆಕ್ಕ ಹೀಗಿತ್ತು: ಅವಳು ಹಿಗ್ಗುತ್ತಾಳೆ, ಮೂರು ಎಣಿಸಿ ನಾನು ‘ಏ ಚಿಗವ್ವ, ನಾನ ಸಾಯಿಬಣ್ಣ!’ ಎನ್ನುತ್ತೇನೆ, ಅವಳು ‘ನಿನ್ನ ಬಾಯಿಗ್ ಮಣ್ ಹಾಕ’ ಎಂದು ಬೈದು ನಗುತ್ತಾಳೆ. ಯಾವಾಗಲೂ ಹಾಗೆಯೇ ಆಗುತ್ತಿತ್ತು. ಒಂದು ಎಣಿಸಿದೆ.

‘ಖರೇನೇನ್ರಿ ಮೇಡಮ್ಮರ? ಖರೇನ? ನಿಮ್ಮ ಬಾಯಾಗ ಸಕ್ಕರಿ ಬೀಳ್ಲಿ ತಾಯಿ! ಏ ಇವಳೇ, ಕೇಳ್ದೇನ, ನಿನ್ನ ಹೊಲದ ಬ್ಯಾಳಿನೇ ನಿನಗ — ’

ಸೊಸೆಯನ್ನು ಕೂಗುತ್ತಿದ್ದಳು. ಹಿಂದೆ ಪಾತ್ರೆ ಬಿದ್ದ ಸದ್ದು, ಸೊಸೆಯ ನಗು. ಎರಡು ಎಣಿಸಿದೆ. ಮೂರು ಎಣಿಸಲಿಲ್ಲ. ಫೋನು ಇಟ್ಟುಬಿಟ್ಟೆ.

ಇದು ನನ್ನ ತಪ್ಪಿನ ಬೆನ್ನೆಲುಬು. ಹುಳ ತಂದದ್ದಲ್ಲ, ದನಿ ತೆಗೆದದ್ದೂ ಅಲ್ಲ — ಮೂರು ಎಣಿಸದೆ ಇದ್ದದ್ದು. ಆಮೇಲಿನ ಎರಡು ದಿನ ನಾನು ಚಿಗವ್ವನ ಮನೆಯ ಮುಂದೆ ನಾಲ್ಕು ಸಲ ಹಾದು ಹೋದೆ. ಪ್ರತಿ ಸಲವೂ ಹೇಳಬೇಕೆಂದೇ ಹೋದೆ. ಅವಳು ತೊಗರಿ ಬೀಜ ಹಸನು ಮಾಡುತ್ತ ಕೂತಿರುತ್ತಿದ್ದಳು. ನಾನು ಯಾರದೋ ದನಿ ತೆಗೆದು, ನಗಿಸಿ, ಹೊರಟು ಬರುತ್ತಿದ್ದೆ. ಮೇಡಂ ಆ ಎರಡು ದಿನ ಕಲಬುರಗಿಗೆ ಹೋಗಿದ್ದರು. ಅವರ ನಂಬರಿನ ಮೇಲೆ ನನ್ನ ಬೆರಳು ಎಷ್ಟೋ ಸಲ ಹೋಯಿತು. ಏನೆಂದು ಹೇಳುವುದು? ‘ಮೇಡಂ, ನೀವು ಹೀಗೆ ಹೇಳಿದ್ದೀರಿ’ ಎಂದೇ?

ಮೂರನೆಯ ದಿನ ಬೆಳಿಗ್ಗೆ ಅವ್ವ ಹೇಳಿದಳು — ‘ಕಾಶಿ ಖಾಜಾನ ಟ್ರ್ಯಾಕ್ಟರ್ ಕರ್ಕೊಂಡು ಹೊಲಕ್ಕ ಹೋದ್ಲು.’

ಅವತ್ತು ಓಡಿದ ಹಾಗೆ ನಾನು ಜೀವಮಾನದಲ್ಲಿ ಓಡಿಲ್ಲ. ಓಡುತ್ತಲೇ ಮೇಡಂಗೆ ಫೋನು ಮಾಡಿ, ‘ಹೊಲಕ್ಕ ಬರ್ರಿ, ಹುಲ್ಲು ಕೀಳಾಕತ್ತಾರ’ ಎಂದಷ್ಟೇ ಕಿರುಚಿದೆ. ಪುಣ್ಯಕ್ಕೆ ಅವರು ಆಗಲೇ ವಾಡಿಗೆ ಬಂದು ಇಳಿದಿದ್ದರು. ಹೊಲ ಮುಟ್ಟುವಷ್ಟರಲ್ಲಿ ಖಾಜಾ ಆರು ಸಾಲು ಹೊಡೆದಿದ್ದ. ಆಳೆತ್ತರದ ಹುಲ್ಲು ಬೇರು ಮೇಲಾಗಿ ಬಿದ್ದಿತ್ತು. ನಾನು ಹೋಗಿ ಟ್ರ್ಯಾಕ್ಟರಿನ ಮುಂದೆ ನಿಂತೆ, ಎರಡು ಕೈ ಚಾಚಿ.

‘ಏ ನಕಲಿ, ಬಾಜೂ ಸರಿಯೋ! ಸುಬೇ ಸುಬೇ ಯಾರ್ದು ಆ್ಯಕ್ಷನ್ ಮಾಡ್ತಿದ್ದಿ?’ ಎಂದ ಖಾಜಾ.

‘ಬಂದ್ ಮಾಡ್ರಿ ಖಾಜಾ ಭಾಯ್! ಚಿಗವ್ವ, ಬಿತ್ತಬ್ಯಾಡ! ಮೇಡಂ ಹೇಳಿಲ್ಲ, ಫೋನ್ ಮಾಡ್ದಾಂವ ನಾನು! ಹುಳಾನೂ ನಾನೇ ತಂದು ಬಿಟ್ಟೀನಿ!’

ಕಾಶಮ್ಮ ಬದುವಿನ ಮೇಲೆ ಬೀಜದ ಬುಟ್ಟಿ ಹಿಡಿದು ನಿಂತಿದ್ದಳು. ನಕ್ಕಳು. ‘ನೋಡು ಖಾಜಾ, ಅಳೋರ ನಕಲಿ ಎಷ್ಟ್ ಛಂದ ಮಾಡ್ತಾನ! ಕಣ್ಣಾಗ ನೀರೂ ತಂದಾನ!’

ಖಾಜಾ ಚಪ್ಪಾಳೆ ತಟ್ಟಿದ. ನಾನು ಅಳುತ್ತಿದ್ದೆ, ನಿಜವಾಗಿ ಅಳುತ್ತಿದ್ದೆ — ಇಬ್ಬರೂ ನಗುತ್ತಿದ್ದರು. ನನ್ನ ತಗಡಿನ ದನಿಯನ್ನು ನನ್ನದೆಂದು ನಂಬುವವರು ಆ ಹೊಲದಲ್ಲಿ ಒಬ್ಬರೂ ಇರಲಿಲ್ಲ. ಆಣೆ ಹಾಕಿದೆ, ಇನ್ನಷ್ಟು ನಕ್ಕರು. ಖಾಜಾ ಗೇರು ಹಾಕಿದ.

ಆಗ ನನಗೆ ಉಳಿದದ್ದು ಒಂದೇ ದಾರಿ. ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ಮೇಡಂ ದನಿ ತೆಗೆದು, ಅವತ್ತಿನ ಒಂದೊಂದು ಶಬ್ದವನ್ನೂ, ನಿಲ್ಲಿಸಿದ ಕಡೆ ನಿಲ್ಲಿಸಿ ಹೇಳಿದೆ — ‘ಕಾಶಮ್ಮಾರೇ, ನಾನು. ಹುಳ ಬಂದಿದೆಯಲ್ಲ, ಇನ್ನೇನು ಯೋಚನೆ? ಈ ಸಲ ತೊಗರಿ ಬಿತ್ತಿಬಿಡಿ.’

ಕಣ್ಣು ತೆರೆದಾಗ ಅವಳು ಬುಟ್ಟಿಯನ್ನು ಕೆಳಗಿಟ್ಟಿದ್ದಳು. ಮುಖದಲ್ಲಿ ನಗು ಇನ್ನೂ ಇತ್ತು, ಇಳಿಸಲು ಮರೆತಂತೆ. ಖಾಜಾ ಇಂಜಿನ್ ಬಂದ್ ಮಾಡಿದ.

ಮೇಡಂ ಸ್ಕೂಟರಿನಲ್ಲಿ ಬಂದರು. ಅವರಿಗೂ ಹೇಳಿದೆ, ಎಲ್ಲವನ್ನೂ, ಡಬ್ಬಿಯ ತೂತಿನವರೆಗೂ. ಅವರು ಬೈಯಲಿಲ್ಲ. ‘ಆ ಕೆಂಪು ಹಿಕ್ಕೆ ಎರಡು ದಿನದಿಂದ ನನ್ನ ತಲೆ ತಿಂತಿತ್ತು’ ಎಂದರು. ಆಮೇಲೆ, ‘ಅವು ಗೊಬ್ಬರದ ಹುಳ ಆಗಿದ್ರೆ ಲೆಕ್ಕದಿಂದ ತೆಗೆದುಬಿಡ್ತಿದ್ದೆ. ನೀನು ಹೊಲದ ಹುಳನೇ ತಂದೆ. ಇನ್ನು ಈ ಹೊಲಕ್ಕೆ ಹುಳ ತಾನಾಗಿ ಬಂದ್ರೂ, ಬಂತು ಅಂತ ನಾನು ಯಾವತ್ತೂ ಬರೆಯೋ ಹಾಗಿಲ್ಲ. ಗೊತ್ತಾಯ್ತಾ ನೀನು ಏನು ಮಾಡಿದೆ ಅಂತ?’

ಗೊತ್ತಾಯಿತು. ಎರಡು ಮಳೆಗಾಲದ ಸೊನ್ನೆಗಳನ್ನು ನಾನು ಕದ್ದಿದ್ದೆ. ಸೊನ್ನೆಯ ನಂತರ ಬರುವ ಮೊದಲ ನಿಜವಾದ ಒಂದನ್ನೂ ಕದ್ದಿದ್ದೆ.

ಅವರು ತಿರುಗಿ ಹೊರಟರು. ಹೋಗುವಾಗ ನೇಗಿಲು ಮಗುಚಿದ ಒಂದು ಹುಲ್ಲಿನ ಬುಡವನ್ನು ಅಭ್ಯಾಸಬಲದಿಂದ ಎತ್ತಿಕೊಂಡರು. ಬೇರಿನ ಮಣ್ಣನ್ನು ಮುರಿದರು. ಕೊರಳಿನ ಭೂತಗನ್ನಡಿಯನ್ನು ಕಣ್ಣಿಗಿಟ್ಟರು. ಹಾಗೇ ನಿಂತರು. ಕೂತರು. ಇನ್ನೊಂದು ಹೆಂಟೆ ಮುರಿದರು.

‘ಸಾಯಿಬಣ್ಣ! ಬಾರೋ ಇಲ್ಲಿ!’

ಸಿಟ್ಟು ಮರೆತೇ ಹೋಗಿತ್ತು ಅವರಿಗೆ. ನಾನು ಹೋಗಿ ಮಗ್ಗುಲಲ್ಲಿ ಕೂತೆ. ಭೂತಗನ್ನಡಿಯೊಳಗೆ — ಹೇಗೆ ಹೇಳಲಿ — ಜಾತ್ರೆ ಎಂದರೆ ಕಡಿಮೆಯಾಗುತ್ತದೆ. ಸಾಸಿವೆಗಿಂತ ಸಣ್ಣ ಬಿಳಿ ಜೀವಗಳು, ಬಾಲದ ಕೆಳಗೆ ಸ್ಪ್ರಿಂಗ್ ಇದ್ದಂತೆ, ಟಣ್ಣನೆ ಜಿಗಿದು ಮಾಯ. ಎಂಟು ಕಾಲಿನ, ಕಂದು ಬಣ್ಣದ, ಹೊಳೆಯುವ ಚುಕ್ಕಿಯೊಂದು ಕೊಳೆತ ಎಲೆಯ ಅಂಚನ್ನು ನಿಧಾನವಾಗಿ ತಿನ್ನುತ್ತಿತ್ತು. ಬೇರಿನಿಂದ ಬೇರಿಗೆ ಕೂದಲಿಗಿಂತ ತೆಳುವಾದ ಬಿಳಿ ಎಳೆಗಳು ಮಣ್ಣಿನ ಕಣಗಳನ್ನು ಹೊಲಿದುಕೊಂಡು ಹೋಗಿದ್ದವು. ಕಲ್ಲಿನಂತೆ ಗಟ್ಟಿಯಾಗಿದ್ದ ಆ ಬಿಳಿ ರಾಡಿ ಬೇರು ಹೋದ ದಾರಿಯಲ್ಲೆಲ್ಲ ಬಿರಿದು ಪುಡಿಯಾಗಿತ್ತು. ನನ್ನ ಬಾಯಿಂದ ಯಾರ ದನಿಯೂ ಹೊರಡಲಿಲ್ಲ.

ಮೇಡಂ ಎದ್ದು ಬೋಳು ಬಿಟ್ಟಿದ್ದ ತುಂಡಿಗೆ ಓಡಿದರು. ಹಾರೆಯಿಂದ ಒಂದು ಹೆಂಟೆ ಕಿತ್ತು ತಂದರು. ಅದರಲ್ಲಿ ಏನೂ ಇರಲಿಲ್ಲ. ಬಿಲ್ಲೆಯಂತೆ ಪದರಪದರವಾಗಿ ಮುರಿಯಿತು, ಅಷ್ಟೇ. ಮತ್ತೆ ಹುಲ್ಲಿನ ಬುಡ — ಜಿಗಿತ, ಓಟ, ತಿನಿಸು, ಸಂಸಾರ! ‘ಹುಲ್ಲಿನ ನೆರಳು, ಉದುರಿದ ಎಲೆ, ಮೂರು ವರ್ಷ ಯಾರೂ ಕೆದಕದ ಬೇರು… ದೊಡ್ಡ ಹುಳಕ್ಕೆ ಕಾಯ್ತಾ ಕೂತಿದ್ದೆ ಕಣೋ, ಸಣ್ಣವು ಆಗಲೇ ಬಂದು ಕೆಲಸ ಶುರು ಮಾಡಿದ್ವು. ಬೇರಿನ ಮಣ್ಣನ್ನ ಮುಂದಿನ ವರ್ಷ ನೋಡೋಣ ಅಂತಿದ್ದೆ, ದಡ್ಡಿ ನಾನು!’ ಎಂದರು. ಖಾಜಾ ಟ್ರ್ಯಾಕ್ಟರಿನಿಂದ ಇಳಿದು ಬಂದು, ಒಂದು ಕಣ್ಣು ಮುಚ್ಚಿ ನೋಡಿ, ‘ಯಾ ಅಲ್ಲಾ, ಇವಕ್ಕ ನನ್ನಕಿಂತ ಹೆಚ್ಚ್ ಗಡಿಬಿಡಿ ಅದ!’ ಎಂದ.

ಕಾಶಮ್ಮನನ್ನು ಕರೆದೆವು. ಅವಳು ಬಹಳ ಹೊತ್ತು ನೋಡಿದಳು.

‘ಹೇನೇನ್ರಿ ಇವು?’

‘ಅಲ್ಲ ಕಾಶಮ್ಮಾರೇ. ಎಲೆ ಕೊಳೆಸಿ ಮಣ್ಣು ಮಾಡೋವು. ಇವನ್ನ ಯಾರೂ ತಂದು ಬಿಟ್ಟಿಲ್ಲ. ನಿಮ್ಮ ಹೊಲದ ಹುಲ್ಲಿಗೆ ತಾವೇ ಬಂದಿರೋವು.’

‘ಮತ್ತ ತೊಗರಿ?’

ಮೇಡಂ ಭೂತಗನ್ನಡಿಯನ್ನು ಮಡಚಿದರು. ‘ಇಲ್ಲ. ಸೀಸ ಇನ್ನೂ ಇದೆ. ನಿನ್ನೆ ಕಲಬುರಗಿಯಲ್ಲಿ ಪರೀಕ್ಷೆಯ ಕಾಗದ ಸಿಕ್ತು. ಹುಲ್ಲು ಇದ್ರೆ ಧೂಳೇಳಲ್ಲ, ಮಣ್ಣು ಹರಿದು ಬಾವಿಗೆ ಹೋಗಲ್ಲ, ಇವೆಲ್ಲ ಬದುಕ್ತವೆ. ಆದ್ರೆ ಊಟಕ್ಕೆ ಇಲ್ಲಿಂದು ಬೇಡ. ಎಷ್ಟು ವರ್ಷ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾನು ಹೇಳಲ್ಲ.’

ಕೊನೆಯ ಮಾತನ್ನು ಅವರು ನನ್ನ ಕಡೆ ನೋಡದೆಯೇ ಹೇಳಿದರು. ನೋಡಿದ್ದರೆ ಕಡಿಮೆ ಉರಿಯುತ್ತಿತ್ತು.

ಆರು ಸಾಲು ಕಿತ್ತ ಹುಲ್ಲಿನ ಗೆಣ್ಣುಗಳನ್ನು ನಾನು ಒಬ್ಬನೇ ಮರುನಾಟಿ ಮಾಡಿದೆ, ಆ ವಾರವಿಡೀ. ಮೇಡಂ ತಮ್ಮ ವರದಿಯಲ್ಲಿ ‘ಈ ಹೊಲದ ಎರೆಹುಳದ ಎಣಿಕೆ ನಂಬುವಂತಿಲ್ಲ’ ಎಂದು ಬರೆದು, ಯಾಕೆ ಎಂಬುದನ್ನೂ ಬರೆದು, ಅದರ ಕೆಳಗೆ ನನ್ನಿಂದ ಸಹಿ ಹಾಕಿಸಿದರು. ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಇಷ್ಟೊತ್ತಿಗೆ ನಾನು ಇದನ್ನೂ ಒಂದು ನಗೆಯ ಕಥೆ ಮಾಡಿರುತ್ತಿದ್ದೆ. ಈಗಲೂ ಪ್ರತಿ ಮಳೆಗಾಲ ಬೇರಿನ ಮಣ್ಣು ಮುರಿದು ಸಣ್ಣವನ್ನು ಎಣಿಸುತ್ತೇನೆ. ಎಣಿಸುವಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಹೋದ ವರ್ಷ ಆ ಹೊಲದಲ್ಲಿ ಬೂದು ಎರೆಹುಳ ಸಿಕ್ಕಿತು. ಎಲ್ಲರೂ ನನ್ನ ಮುಖ ನೋಡಿದರು. ಅದು ತಾನಾಗಿ ಬಂದದ್ದೋ, ನನ್ನ ಡಬ್ಬಿಯ ಹುಳದ ಮೊಮ್ಮಗನೋ — ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಮೇಡಂ ಪುಸ್ತಕ ತೆರೆದರು, ಪೆನ್ನು ಹಿಡಿದರು, ಏನೂ ಬರೆಯದೆ ಮುಚ್ಚಿದರು.

ಕಾಶಮ್ಮನ ಸೊಸೆ ಹಡೆದಳು, ಹೆಣ್ಣುಮಗು. ಕುರಕುಂಟಾದ ತವರಿನಿಂದ ತೊಗರಿಬೇಳೆ ಬಂತು. ಅದು ಬೇಯುವ ವಾಸನೆ ಓಣಿಗೆ ಬಂದ ದಿನ ನಾನು ಆ ಕಡೆ ಹೋಗಲಿಲ್ಲ.

ಆದರೆ ನಾನು ಮುಗಿಸಬೇಕಾದದ್ದು ಆ ಟ್ರ್ಯಾಕ್ಟರಿನ ದಿನದ ಮಾತಿನಿಂದ. ಅದನ್ನು ಇಷ್ಟು ಹೊತ್ತು ಹಿಂದೆ ಹಾಕುತ್ತ ಬಂದಿದ್ದೇನೆ. ಮೇಡಂ ಸ್ಕೂಟರ್ ಹತ್ತಿ ಹೋದ ಮೇಲೆ, ಖಾಜಾ ಟ್ರ್ಯಾಕ್ಟರನ್ನು ರಸ್ತೆಗೆ ತಿರುಗಿಸುತ್ತಿದ್ದಾಗ, ನಾನು ಚಿಗವ್ವನ ಹತ್ತಿರ ಹೋದೆ. ಅವಳು ಬುಟ್ಟಿಯ ಬೀಜವನ್ನು ಮತ್ತೆ ಚೀಲಕ್ಕೆ ಸುರಿಯುತ್ತಿದ್ದಳು. ಕಾಲು ಹಿಡಿಯಲು ಬಗ್ಗಿದೆ, ಕಾಲು ಹಿಂದಕ್ಕೆಳೆದುಕೊಂಡಳು. ನನ್ನಲ್ಲಿ ಇನ್ನೂ ಒಂದು ನೆಪ ಉಳಿದಿತ್ತು. ನನಗೆ ಅದು ನೆಪವೆಂದು ಗೊತ್ತಿರಲಿಲ್ಲ, ಪ್ರೀತಿ ಅಂದುಕೊಂಡಿದ್ದೆ.

‘ನೀ ಖುಷಿ ಆಗ್ಲಿ ಅಂತ ಮಾಡ್ದೆ ಚಿಗವ್ವ’ ಎಂದೆ.

ಅವಳು ಚೀಲದ ಬಾಯಿ ಕಟ್ಟಿ, ತಲೆಯ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗಿ ಹೇಳಿದಳು —

‘ಖುಷಿ ಯಾರ್ ಕೇಳಿದ್ರೋ ನಿನಗ? ನನಗ ಹೊಲ ಬೇಕಾಗಿತ್ತು.’